ಕಳ್ಳನಿಗೆ ಕೊಟ್ಟ ಕಾಲು

ಅಂಗಡಿಯ ಒಳಗಿನಿಂದ,
ಭಾನುವಾರ ಮಧ್ಯಾಹ್ನ, ಶಟರ್ ಅರ್ಧ ಇಳಿಸಿಕೊಂಡು

ನನ್ನ ಮುದ್ದು ಪಿಟೀಲಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಕ್ಷೇಮ ಅಂದರೆ ಉಸಿರಾಡುತ್ತಿದ್ದೇನೆ, ಕತ್ತರಿ ಹಿಡಿದರೆ ಕೈ ನಡುಗುವುದಿಲ್ಲ, ಬಾಯಿ ಮಾತ್ರ ಮೊದಲಿನಷ್ಟು ಓಡುತ್ತಿಲ್ಲ. ಈ ಮಾತು ಕೇಳಿದರೆ ನಿಮ್ಮಮ್ಮ 'ಸದ್ಯ, ದೇವರು ಈಗಲಾದರೂ ಕಣ್ಣು ಬಿಟ್ಟ' ಅಂದಾಳು. ಅನ್ನಲಿ. ಅಕ್ಕ ಅಂದಮೇಲೆ ಅಷ್ಟು ಹಕ್ಕು ಇದ್ದೇ ಇರುತ್ತದೆ. ಆದರೆ ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡ. ಮೊದಲು ನೀನೊಬ್ಬಳೇ ಓದು. ಆಮೇಲೆ ಯಾರಿಗೆ ತೋರಿಸಬೇಕು ಅನ್ನುವುದು ನಿನಗೆ ಬಿಟ್ಟದ್ದು.

ಫೋನ್ ಯಾಕೆ ಎತ್ತುತ್ತಿಲ್ಲ ಅಂತ ಕೇಳಿದ್ದೀಯ. ಅದನ್ನು ಆಫ್ ಮಾಡಿ, ಹಳೆಯ ಶೇವಿಂಗ್ ಸೋಪಿನ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿದಿದ್ದೇನೆ. ಹೆದರಿಕೆಯಿಂದಲ್ಲ ಮತ್ತೆ! ಹುಲಿಯನ್ನು ಕೂರಿಸಿ ಮೀಸೆ ಟ್ರಿಮ್ ಮಾಡು ಅಂದರೂ ಮಾಡಿ, ಕನ್ನಡಿ ತೋರಿಸಿ ಕಳಿಸುವವನು ನಿನ್ನ ಮಾವ. ಆದರೆ ಫೋನಿನೊಳಗೆ ಬಿಟ್ಟ ಮಾತು ಯಾರ ಮನೆಯಲ್ಲಿ ಉಂಡು, ಯಾರ ಬಟ್ಟೆ ತೊಟ್ಟು, ಯಾವ ದನಿಯಲ್ಲಿ ವಾಪಸ್ ಬರುತ್ತದೋ ನನಗೆ ತಿಳಿಯದಾಗಿದೆ. ಕಾಗದ ಹಾಗಲ್ಲ. ನನ್ನ ಕೈ ಬಿಟ್ಟರೆ ನಿನ್ನ ಕೈ. ನಡುವೆ ಯಾರೂ ಅದಕ್ಕೆ ಸಂಗೀತ ಕೂಡಿಸುವುದಿಲ್ಲ. ನಮ್ಮೂರ ಶಾಲೆಯ ಮೇಷ್ಟ್ರು ನನ್ನ ಸ್ಲೇಟು ಎತ್ತಿ ಎಲ್ಲರಿಗೂ ತೋರಿಸಿ 'ಅಕ್ಷರ ಮುತ್ತು, ವಿಷಯ ಹೊಟ್ಟು' ಅಂದಿದ್ದರು. ಆ ಮುತ್ತುಗಳನ್ನೇ ಇಲ್ಲಿ ಪೋಣಿಸುತ್ತಿದ್ದೇನೆ. ಹೊಟ್ಟನ್ನು ನೀನು ಕೇರಿಕೊ.

ನಿನ್ನ ಮನೆಯ ಸಮಾಚಾರ ಮೊದಲು. ಬಾಲ್ಕನಿಯ ಗಿಡಗಳಿಗೆ ದಿನಾ ನೀರು ಹಾಕುತ್ತಿದ್ದೇನೆ. ಕೆಳಗಿನ ಮನೆಯ ಟೈಲರಮ್ಮ 'ಮಾವ, ಗಿಡಕ್ಕೆ ನೀರು ಹಾಕ್ತಿದೀರೋ, ನನ್ನ ಬಟ್ಟೆ ಒಗೀತಿದೀರೋ' ಅಂತ ಕೂಗಿದಳು. ಅಂದರೆ ಸಾಕಷ್ಟು ಹಾಕಿದ್ದೇನೆ ಅಂತ ಲೆಕ್ಕ. ನಿಮ್ಮ ಕಟ್ಟಡದ ಲಿಫ್ಟ್ ಮತ್ತೆ ಕೆಟ್ಟಿದೆ. ರಿಪೇರಿ ಮಾಡುವ ನಿನ್ನ ಗಂಡ, ನಮ್ಮ ಅಳಿಯಂದಿರು, ಇಲ್ಲವಲ್ಲ, ಅದಕ್ಕೂ ಗೊತ್ತಾಗಿದೆ. ಕಂಪನಿಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುತ್ತದಂತೆ, ಮನುಷ್ಯರು ಸಿಗುವುದಿಲ್ಲವಂತೆ. 'ಅಯ್ಯೋ ಬಿಡ್ರಿ, ಲಿಫ್ಟ್ ಮೇಷ್ಟ್ರ ಮಾವ ನಾನು, ನೋಡಿ ನೋಡಿಯೇ ಅರ್ಧ ವಿದ್ಯೆ ಬಂದಿದೆ' ಅಂತ ಒಳಗೆ ಹೋಗಿ ಎಲ್ಲ ಗುಂಡಿಗಳನ್ನೂ ಒತ್ತಿದೆ. ಅದು ಎರಡು ಮಹಡಿಗಳ ನಡುವೆ ನಿಂತಿತು. ವಾಚ್‌ಮನ್ ಬಾಗಿಲು ಮೀಟಿ ತೆಗೆಯುವವರೆಗೆ ಒಳಗೆ ಕೂತಿದ್ದೆ. ಇತ್ತ ನೆಲವೂ ಇಲ್ಲ, ಅತ್ತ ಮೇಲೂ ಇಲ್ಲ. ನಿಜ ಹೇಳುತ್ತೇನೆ, ಆ ದಿನದಿಂದ ನಾನು ಇರುವುದೂ ಅಲ್ಲೇ ಅನ್ನಿಸುತ್ತಿದೆ.

ಸರಿ, ಸುತ್ತು ಬಳಸುವುದು ಸಾಕು. ಔಷಧಿ ವ್ಯಾನಿನವನ ಕೈಲಿ ನೀನು ಕೊಟ್ಟು ಕಳಿಸಿದ ಚೀಟಿ ತಲುಪಿದೆ. ಅಳಿಯಂದಿರ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ದವಡೆಗೆ ಕಟ್ಟಿದ ತಂತಿ ಇನ್ನೂ ಹಾಗೇ ಇದೆ, ಮಾತಾಡುವ ಹಾಗಿಲ್ಲ ಅಂತ ಓದಿದೆ. ಅದರ ಜೊತೆಗೇ ಮಡಚಿಟ್ಟ ಇನ್ನೊಂದು ಚೂರು ಕಾಗದವೂ ಸಿಕ್ಕಿತು. ಅವರೇ ಎಡಗೈಯಲ್ಲಿ ಬರೆದದ್ದು. ಕೋಳಿ ಕೆದಕಿದ ಹಾಗಿದ್ದ ಆ ಅಕ್ಷರ ನೋಡಿ ನನಗೆ ಅಳು ಬಂತು. ಅಷ್ಟು ನೀಟಾಗಿ ಬರೆಯುವ ಮನುಷ್ಯ. ಒಂದೇ ಸಾಲು: 'ಯಾಕೆ ಅಂತ ಮಾವನನ್ನು ಕೇಳು.'

ಅದರ ಕೆಳಗೆ ನೀನು ಬರೆದಿದ್ದೀಯ: 'ನೋಡು ಮಾವ, ಇವರಿಗೂ ನಿನ್ನ ಮೇಲೇ ನಂಬಿಕೆ. ಆ ಬೀದಿಯ ಒಂದೊಂದು ತಲೆಯನ್ನೂ ನೀನು ಬಲ್ಲೆ. ಠಾಣೆಗೆ ಹೋಗಿ ಹೊಡೆದವರು ಯಾರ್ಯಾರು ಅಂತ ಗುರುತು ಹೇಳು. ಕಳ್ಳ ಹೀಗಿದ್ದಾನೆ ಅಂತ ಎಲ್ಲರ ಫೋನಿಗೂ ಹರಿಬಿಟ್ಟ ಆ ಹಾಳು ವಿಡಿಯೋ ಮಾಡಿದವರು ಯಾರು ಅಂತಲೂ ಪತ್ತೆ ಹಚ್ಚು. ಅದರಲ್ಲಿ ಹೇಳಿದ ಕಾಲು ಇವರದೇ, ಚೀಲ ಇವರದೇ, ಸಿಳ್ಳೆ ಇವರದೇ. ಇವರನ್ನು ಹತ್ತಿರದಿಂದ ಬಲ್ಲ ಯಾರೋ ವೈರಿ ಹೊಂಚು ಹಾಕಿ ಮಾಡಿಸಿದ್ದಾರೆ. ಆ ವೈರಿ ಯಾರು ಅಂತ ಗೊತ್ತಾಗುವ ತನಕ ನನಗೆ ನಿದ್ದೆ ಇಲ್ಲ.'

ನನಗೂ ಇಲ್ಲ ಪಿಟೀಲು.

ಮೊದಲನೆಯ ಕೆಲಸ ಮಾಡಿದೆ. ಠಾಣೆಗೆ ಹೋಗಿ ಬಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಎದೆಯ ಜೇಬಿನಲ್ಲಿ ಬಾಚಣಿಗೆ ಇಟ್ಟು, ಸಾಕ್ಷಿಗಾರ ಹೇಗಿರಬೇಕೋ ಹಾಗೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಪೇದೆ ಹೆಣ್ಣುಮಗಳು ಕೂತಿದ್ದಳು. ನಿನ್ನದೇ ವಯಸ್ಸು. ಹೊಡೆದ ದಿನದ ಗುಂಪನ್ನು ಬೀದಿಯ ಬೇಕರಿಯವನು ಮಾಳಿಗೆಯಿಂದ ತೆಗೆದ ವಿಡಿಯೋ ಅವಳ ಹತ್ತಿರ ಇತ್ತು. ಮೇಲಿನಿಂದ ತೆಗೆದದ್ದು, ಅದೂ ಹಿಂದಿನಿಂದ. 'ಅಂಕಲ್, ಮುಖ ಕಂಡ್ರೆ ನಮ್ಮ ಕಂಪ್ಯೂಟರೇ ಹುಡುಕಿ ಹೆಸರು ಹೇಳತ್ತೆ. ಇಲ್ಲಿ ಬರೀ ಹಿಂತಲೆ. ಇದಕ್ಕೆ ತಲೆಯೇ ಓಡ್ತಿಲ್ಲ' ಅಂದಳು. ನಾನು ಕುರ್ಚಿ ಎಳೆದುಕೊಂಡು 'ನಿಮ್ಮ ಕಂಪ್ಯೂಟರ್ ಮುಂದಿನಿಂದ ಪಾಸಾಗಿರಬಹುದು ತಾಯಿ, ಹಿಂದಿನಿಂದ ಪಾಸಾದವನು ಇಲ್ಲಿ ಕೂತಿದ್ದಾನೆ' ಅಂದೆ. ಅವಳು ನಕ್ಕಳು. ನನಗೂ ಹುಮ್ಮಸ್ಸು ಬಂತು. ನನಗೆ ಹುಮ್ಮಸ್ಸು ಬರುವುದೇ ಹಾಗೆ, ಯಾರಾದರೂ ನಕ್ಕರೆ ಸಾಕು.

ಅವಳು ಚಿತ್ರ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಎರಡು ಸುಳಿಯ ತಲೆ ಹಾಲಿನವನದು. ಕುತ್ತಿಗೆಯ ಮೇಲೆ ಮಡಿಕೆ ಬಿದ್ದದ್ದು ಹಾರ್ಡ್‌ವೇರ್ ಅಂಗಡಿಯ ಸಾಹುಕಾರರದು. ಕಿವಿಯ ಹಿಂದೆ ಮಚ್ಚೆ, ಲೆಕ್ಕದ ಟ್ಯೂಷನ್ ಹೇಳುವ ಸಾರ್. ಎರಡೂ ಪಕ್ಕಕ್ಕೆ ಮಷಿನ್ ಹಾಕಿ ನಡುವೆ ಕುಚ್ಚು ಬಿಟ್ಟದ್ದು ವ್ಯಾಯಾಮಶಾಲೆಯವನು. ಅವನು ಕೈ ಎತ್ತಿದ್ದ. ಟ್ಯೂಷನ್ ಸಾರ್ ಕಾಲು ಎತ್ತಿದ್ದರು. ಒಬ್ಬೊಬ್ಬರನ್ನೇ ಹೇಳುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹುಮ್ಮಸ್ಸು ಎಲ್ಲಿ ಇಂಗಿತೋ. ಎಲ್ಲ ಕುತ್ತಿಗೆಗಳೂ ಅಚ್ಚುಕಟ್ಟಾಗಿದ್ದವು ಕಣೇ. ಅಂಚು ನೇರ, ಒಂದು ಕೂದಲು ಆಚೆ ಈಚೆ ಇಲ್ಲ. ಎಲ್ಲವೂ ನನ್ನ ಕೈಕೆಲಸ. ಅಳಿಯಂದಿರು ನೆಲದ ಮೇಲೆ, ಸುತ್ತ ನಾನು ಓರಣ ಮಾಡಿ ಕಳಿಸಿದ ತಲೆಗಳು. ಅವರೆಲ್ಲ ಒಳ್ಳೆಯವರು ಅಂತ ಬರೆಯಲು ಹೊರಟಿದ್ದೆ. ಆ ಮಾತು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಟ್ಯೂಷನ್ ಸಾರ್ ಜಿರಲೆ ಕಂಡರೆ ಕುರ್ಚಿ ಹತ್ತುವವರು.

ಕೊನೆಗೆ ಒಂದು ತಲೆ ಉಳಿಯಿತು. ವಿಡಿಯೋದ ಶುರುವಿನಲ್ಲೇ ಒಂದು ಗಳಿಗೆ ಕಂಡು ಮಾಯವಾದದ್ದು, ಹೊಡೆಯದೆ ಸುಮ್ಮನೆ ನಿಂತದ್ದು. ನೆತ್ತಿಯಲ್ಲಿ ರೊಟ್ಟಿಯಗಲ ಬೋಳು, ಕಿವಿಗಳು ಹೊರಗೆ, ಕುತ್ತಿಗೆಯ ಅಂಚು ಸೊಟ್ಟ. ಅಂಥ ಸೊಟ್ಟ ಕೆಲಸ ನನ್ನದಲ್ಲ. 'ಇದು ನಮ್ಮ ಬೀದಿಯ ತಲೆಯೇ ಅಲ್ಲ, ಗೊತ್ತಿಲ್ಲ' ಅಂದೆ. ಪೇದೆಯಮ್ಮ 'ಏನ್ ಅಂಕಲ್, ಎಲ್ಲ ತಲೆಗೂ ನೀವೇ ಮಾಲೀಕರು ಅಂದ್ರಲ್ಲ' ಅಂತ ರೇಗಿಸಿದಳು. ರುಜು ಹಾಕಿ ಬಂದೆ.

ಹೊಡೆದ ಮಾರನೆಯ ಬೆಳಿಗ್ಗೆ ನಡೆದದ್ದು ನಿನಗೆ ಹೇಳಿರಲಿಲ್ಲ. ನಿಮ್ಮನ್ನೆಲ್ಲ ಆ ದೊಡ್ಡ ಆಸ್ಪತ್ರೆಗೆ ಸಾಗಿಸಿ, ಅಂಗಡಿಗೆ ಬಂದು ಸುಮ್ಮನೆ ಬಾಗಿಲು ತೆರೆದೆ. ಏನು ಮಾಡಬೇಕೋ ತಿಳಿಯದಾಗ ಮನುಷ್ಯ ದಿನಾ ಮಾಡುವುದನ್ನೇ ಮಾಡುತ್ತಾನೆ ನೋಡು. ವ್ಯಾಯಾಮಶಾಲೆಯವನು ಬಂದು ಕೂತ. ಬಲಗೈಯ ಗೆಣ್ಣುಗಳು ಊದಿ ಟೊಮ್ಯಾಟೊ ಆಗಿದ್ದವು. 'ಶೇವ್ ಮಾವ' ಅಂದ. ನೊರೆ ಹಚ್ಚಿದೆ. ಕತ್ತಿಗೆ ಹೊಸ ಬ್ಲೇಡ್ ಹಾಕಿದೆ. ಅವನು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಗಂಟಲು ಕೊಟ್ಟ. ಇಷ್ಟು ವರ್ಷದಲ್ಲಿ ಜನ ನನಗೆ ಗಂಟಲು ಕೊಡುತ್ತಾರೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೋಳಿಸಿದೆ. ಎರಡನೆಯ ಸಲವೂ ಬೋಳಿಸಿದೆ. ಅವನು ಎದ್ದು, ಕನ್ನಡಿ ನೋಡಿಕೊಂಡು, 'ತಪ್ಪಾಯ್ತು ಮಾವ, ಗೊತ್ತಾಗ್ಲಿಲ್ಲ. ಆದ್ರೆ ಫೋನಲ್ಲಿ ಬಂದಿತ್ತಲ್ಲ' ಅಂದ. ಅಂದು ಬಂದ ಪ್ರತಿಯೊಬ್ಬರೂ ಅದನ್ನೇ ಅಂದರು. ಫೋನಲ್ಲಿ ಬಂದಿತ್ತಲ್ಲ. ಯಾರೂ 'ನಾನು ಹೊಡೆದೆ' ಅನ್ನಲಿಲ್ಲ. ಮಳೆ ಬಂದಿತ್ತಲ್ಲ, ಅದಕ್ಕೆ ನೆನೆದೆ ಅಂದ ಹಾಗೆ.

ಈಗ ನಿನ್ನ ಎರಡನೆಯ ಕೆಲಸ. ವೈರಿಯ ಪತ್ತೆ.

ಇದು ಶುರುವಾದದ್ದು ಔಷಧಿ ಅಂಗಡಿಯ ಅಜ್ಜನಿಂದ ಅಂತ ನಿನಗೆ ಗೊತ್ತು. ಅಂದು ಬೆಳಿಗ್ಗೆ ಅವರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ತಲೆ ಒಡೆದುಕೊಂಡು ಬಿದ್ದಿದ್ದರು. ಪ್ರಜ್ಞೆ ಇರಲಿಲ್ಲ. ಅವರ ಫೋನೂ ಕಾಣಲಿಲ್ಲ. ಯಾರೋ ಹೊಡೆದು ಫೋನ್ ಕಿತ್ತುಕೊಂಡು ಹೋದ ಅಂತ ಬೀದಿಯೆಲ್ಲ ಗುಲ್ಲು. ನನ್ನ ಅಂಗಡಿ ಅವರ ಅಂಗಡಿಗೆ ಎದುರು. ನೀನು ನೋಡಿರಬೇಕಲ್ಲ, ನೀನು ನೋಡಿರಬೇಕಲ್ಲ ಅಂತ ಬಂದವರೆಲ್ಲ ಕೇಳಿದರು. ನಾನು ಏನು ನೋಡಿದ್ದೆ ಗೊತ್ತೇ? ಹೊಸದಾಗಿ ತರಿಸಿದ ಫೇಸ್‌ಪ್ಯಾಕನ್ನು ಗಿರಾಕಿಗೆ ಹಚ್ಚುವ ಮೊದಲು ನನ್ನ ಮುಖಕ್ಕೇ ಬಳಿದುಕೊಂಡು, ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡು, ನನ್ನ ಕುರ್ಚಿಯಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದೆ. ಬೀದಿಯಲ್ಲಿ ಆನೆ ಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ.

ಇದನ್ನು ನಾನು ಯಾರಿಗಾದರೂ ಹೇಳುತ್ತೇನೆಯೇ? ಮುಖಕ್ಕೆ ಕೆಸರು ಬಳಿದುಕೊಂಡು ಮಲಗಿದ್ದೆ ಅಂತ? ನಿನ್ನ ಮಾವನನ್ನು ನೀನು ಬಲ್ಲೆ. ಇಡೀ ಅಂಗಡಿ ನನ್ನ ಬಾಯಿ ನೋಡುತ್ತಿತ್ತು. ಟಾರ್ಚ್ ಕುರ್ಚಿಯಲ್ಲಿದ್ದ. ಟಾರ್ಚ್ ಅಂದರೆ ನಿನಗೆ ಗೊತ್ತಲ್ಲ, ಹಗಲಲ್ಲೂ ಫೋನಿನ ದೀಪ ಆರಿಸಲು ಮರೆತು ಓಡಾಡುವವನು, ಫೋನಿನಲ್ಲಿ ಅದೇನೋ 'ನಮ್ಮ ಬೀದಿ ಸುದ್ದಿ' ಅಂತ ನಡೆಸುವವನು. ಅವನು 'ಹೇಳಿ ಮಾವ, ನೀವು ನೋಡದೆ ಇರ್ತೀರಾ' ಅಂದ. ಅಷ್ಟು ಸಾಕಾಯಿತು.

ನೋಡಿದೆ ಅಂದೆ. ಹಾಗಂದಮೇಲೆ ಮುಂದಿನದು ಹೇಳಬೇಕಲ್ಲ. ಕಳ್ಳ ಅಂದಮೇಲೆ ಅವನು ಬರಬೇಕು, ಬರಬೇಕಾದರೆ ನಡೆಯಬೇಕು, ನಡೆಯಲು ಅವನಿಗೆ ಒಂದು ನಡಿಗೆ ಬೇಕು. ಬಾಯಿ ತಾನೇ ಹುಡುಕಿಕೊಂಡಿತು. ಎಡಗಾಲು ಸ್ವಲ್ಪ ಎಳೆದು ಹಾಕುತ್ತಾನೆ ಅಂದೆ. ಹೆಗಲ ಮೇಲೆ ಉದ್ದ ಪಟ್ಟಿಯ ನೀಲಿ ಚೀಲ ಅಂದೆ. ಹಲ್ಲಿನ ಸಂದಿಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಾನೆ, ಹಾಡು ಯಾವುದು ಅಂತ ಮಾತ್ರ ಗೊತ್ತಾಗುವುದಿಲ್ಲ ಅಂದೆ. ಎಲ್ಲರೂ ಹೌದು ಹೌದು ಅಂದರು. ಹಾಲಿನವನು 'ನಾನೂ ಎಲ್ಲೋ ನೋಡಿದೀನಿ ಅನ್ಸತ್ತೆ' ಅಂದ. ನೋಡಿರದೆ ಏನು! ದಿನಾ ಸಂಜೆ ನೋಡುತ್ತಿದ್ದ.

ನನ್ನಾಣೆ ಪಿಟೀಲು, ಅದು ಯಾರ ಕಾಲು ಅಂತ ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ನಾನೇ ಸೃಷ್ಟಿ ಮಾಡಿದೆ ಅಂದುಕೊಂಡು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಏನು ಚೆಂದದ ಕಳ್ಳ, ಕಣ್ಣಿಗೆ ಕಟ್ಟಿದ ಹಾಗಿದ್ದಾನಲ್ಲ ಅಂತ.

ಟಾರ್ಚ್ ಸುಮ್ಮನೆ ಕೇಳುತ್ತಿದ್ದಾನೆ ಅಂದುಕೊಂಡಿದ್ದೆ. ಫೋನು ತೊಡೆಯ ಮೇಲಿತ್ತು, ಬಟ್ಟೆಯ ಅಡಿಯಲ್ಲಿ. ಸಂಜೆಗೆ ನನ್ನ ಮಾತು ನನ್ನ ಫೋನಿಗೇ ಬಂತು. ಆದರೆ ದನಿ ನನ್ನದಲ್ಲ! ವಾರ್ತೆ ಓದುವ ಹೆಣ್ಣುಮಗಳ ದನಿ, ಹಿಂದೆ ಢಂ ಢಂ ಅಂತ ಸಂಗೀತ. ಜೊತೆಗೆ ಕಳ್ಳನ ಫೋಟೋ. ಗಡ್ಡ, ಕುರುಚಲು ಮೀಸೆ, ಎದುರಿಗೆ ನಿಂತು ದುರುಗುಟ್ಟಿ ನೋಡುವ ಕಣ್ಣು. ಮೈ ಜುಂ ಅಂದಿತು. ಓಡಿ ಹೋಗಿ ಟಾರ್ಚನ್ನು ಕೇಳಿದೆ, ಎಲ್ಲಿ ಸಿಕ್ಕಿತಪ್ಪ ಇವನ ಫೋಟೋ ಅಂತ. ಅವನು ಹಲ್ಲು ಕಿರಿದು 'ನೀವು ಹೇಳಿದ್ದನ್ನೇ ಕಂಪ್ಯೂಟರಿಗೆ ಕೊಟ್ಟೆ ಮಾವ, ಅದೇ ಬರ್ಕೊಡ್ತು, ಓದೋ ದನೀನೂ ಅದೇ ಕೊಡ್ತು' ಅಂದ. ನನಗೆ ಅರ್ಥವಾಗಲಿಲ್ಲ. ಕ್ಯಾಮೆರಾ ಇಲ್ಲದೆ ಫೋಟೋ, ಗಂಟಲಿಲ್ಲದೆ ದನಿ. ಆದರೂ ಒಂದು ಮಾತು ಹೇಳಲೇಬೇಕು. ಆ ಮುಖ ನೋಡುತ್ತಾ ನೋಡುತ್ತಾ ನನಗೇ ಹೌದು, ಇವನೇ ಅನ್ನಿಸತೊಡಗಿತು. ಬಂದ ಗಿರಾಕಿಗಳೆಲ್ಲ ಕೇಳುವರು, ನಾನು ಹೇಳುವೆ. ದಿನಕ್ಕೆ ಎಷ್ಟು ಸಲವೋ. ಒಂದೊಂದು ಸಲಕ್ಕೂ ಅವನಿಗೆ ಒಂದೊಂದು ತೂಕ ರಕ್ತಮಾಂಸ ಕೂಡಿತು. ಕೊನೆಕೊನೆಗೆ ಫೇಸ್‌ಪ್ಯಾಕು, ಹತ್ತಿ, ಗೊರಕೆ ಎಲ್ಲ ಮರೆತೇ ಹೋಯಿತು. ನೋಡಿದ್ದೇ ನೆನಪಾಗತೊಡಗಿತು. ಕಣ್ಣು ಮುಚ್ಚಿದರೆ ಅವನು ಮೆಟ್ಟಿಲು ಇಳಿಯುತ್ತಿದ್ದ, ಎಡಗಾಲು ಎಳೆಯುತ್ತಾ. ಇದಕ್ಕೆ ಏನನ್ನುತ್ತಾರೆ? ಸುಳ್ಳು ಅನ್ನುತ್ತಾರೋ, ಮರುಳು ಅನ್ನುತ್ತಾರೋ? ನೀನು ಕಾಲೇಜು ಓದಿದವಳು, ನಿನಗೆ ತಿಳಿದಿದ್ದರೆ ಹೇಳು.

ಆಮೇಲೆ ಆದದ್ದು ಆಯಿತು. ಪೆಟ್ಟು ಬಿದ್ದ ದಿನ ಅಳಿಯಂದಿರ ಕೆಲಸ ತಡವಾಗಿ, ಕೆಲಸ ಮಾಡುತ್ತಿದ್ದ ಕಟ್ಟಡದ ವಾಚ್‌ಮನ್ನನ ಸ್ಕೂಟರ್ ಎರವಲು ತಂದು, ಅದು ಬೀದಿಯ ತುದಿಯಲ್ಲಿ ಕೆಟ್ಟು, ಹೆಲ್ಮೆಟ್ ತಲೆಯಲ್ಲಿದ್ದ ಹಾಗೇ ತಳ್ಳಿಕೊಂಡು ಬಂದರು. ಮುಖ ಕಾಣದು. ಕಾಲು ಕಂಡಿತು, ಚೀಲ ಕಂಡಿತು, ಸಿಳ್ಳೆ ಕೇಳಿತು. ಉಳಿದದ್ದು ನಿನಗೆ ಗೊತ್ತು. ಗಲಾಟೆ ಕೇಳಿ ನಾನು ಓಡಿ ಹೋದೆ, ಗುಂಪು ಸೀಳಿ ಅವರನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಬಂದೆ ಅಂತ ಆಸ್ಪತ್ರೆಯಲ್ಲಿ ನಿನಗೆ ಹೇಳಿದೆನಲ್ಲ. ನೀನು ನನ್ನ ಎರಡೂ ಕೈ ಹಿಡಿದು 'ನೀನಿಲ್ಲದಿದ್ದರೆ ಏನಾಗುತ್ತಿತ್ತು ಮಾವ' ಅಂದೆ. ಆ ಮಾತು ಅಂದಿನಿಂದ ನನ್ನ ಕೈಗೆ ಅಂಟಿಕೊಂಡಿದೆ. ಎಷ್ಟು ಸೋಪು ಹಾಕಿದರೂ ಹೋಗುತ್ತಿಲ್ಲ.

ಆ ಆಸ್ಪತ್ರೆಯಲ್ಲೇ ನನಗೆ ಹೊಳೆದದ್ದು. ನರ್ಸು ಅವರ ಬೂಟುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಲಗಾಲಿನದು ಹಗುರ. ಎಡಗಾಲಿನದು ಭಾರ, ಹಿಮ್ಮಡಿಗೆ ದಪ್ಪ ಅಟ್ಟೆ ಹೊಲಿದದ್ದು. ಕೆಲಸದಲ್ಲಿ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಬಿದ್ದು ಕಾಲು ಗಿಡ್ಡವಾದ ಮೇಲೆ ಮಾಡಿಸಿಕೊಂಡದ್ದು. ಆ ಅಟ್ಟೆ ಕಿತ್ತು ಜೋತಾಡುತ್ತಿತ್ತು. ಅದನ್ನು ಹಿಡಿದು ನಿಂತೇ ಇದ್ದೆ. ನನ್ನ ಕಳ್ಳನ ಕಾಲು ಯಾರದು ಅಂತ ಆಗ ಗೊತ್ತಾಯಿತು. ನೀನು ಹುಡುಕುತ್ತಿರುವ ವೈರಿ ಇವನೇ, ಪಿಟೀಲು. ಈ ಕಾಗದ ಬರೆಯುತ್ತಿರುವವನು. ಹೊಂಚು ಇಲ್ಲ, ಹಗೆ ಇಲ್ಲ, ಬರೀ ಬಾಯಿ.

'ಯಾಕೆ ಅಂತ ಮಾವನನ್ನು ಕೇಳು' ಅಂದರಲ್ಲ, ಅದಕ್ಕೆ ಉತ್ತರ ಹುಡುಕಿ ಹುಡುಕಿ ಸಾಕಾಗಿದೆ. ಅಷ್ಟು ಜನ ಓಡಾಡುವ ಬೀದಿಯಲ್ಲಿ ನನ್ನ ಬಾಯಿಗೆ ಅವರ ಕಾಲೇ ಯಾಕೆ ಸಿಕ್ಕಿತು? ಯೋಚಿಸಿದರೆ ಒಂದೇ ತೋಚುತ್ತದೆ. ನಾನು ದಿನವೆಲ್ಲ ನೋಡುವುದು ತಲೆಗಳನ್ನು. ಸಂಜೆ ಒಂದು ಸಲ ಮಾತ್ರ ಕತ್ತರಿ ನಿಲ್ಲಿಸಿ ಗಾಜಿನಾಚೆ ನೋಡುತ್ತೇನೆ. ಅಳಿಯಂದಿರು ಮನೆಗೆ ಹೋಗುವ ಹೊತ್ತು. ನೀಲಿ ಚೀಲ, ಆ ಸಿಳ್ಳೆ, ಒಂದು ಉದ್ದ ಹೆಜ್ಜೆ ಒಂದು ಗಿಡ್ಡ ಹೆಜ್ಜೆ. ಗಾಜಿಗೆ ಒಂದು ಬೆರಳಿನಿಂದ ಟಕ್ ಅಂತ ತಟ್ಟಿ ಮುಂದೆ ಹೋಗುತ್ತಾರೆ. ನಮ್ಮ ಹುಡುಗಿಯ ಮನೆ ಸುರಕ್ಷಿತ ಅಂತ ನನಗೆ ಸಮಾಧಾನ. ಈ ಬೀದಿಯಲ್ಲಿ ನಾನು ಮನಸ್ಸಿಟ್ಟು ನೋಡಿದ ನಡಿಗೆ ಅದೊಂದೇ. ಮನೆಯಲ್ಲಿ ಒಂದೇ ಪಾತ್ರೆ ಇದ್ದವನು ಹಾಲಿಗೂ ಅದನ್ನೇ ಹಿಡಿಯುತ್ತಾನೆ, ವಿಷಕ್ಕೂ ಅದನ್ನೇ ಹಿಡಿಯುತ್ತಾನೆ. ಇದು ಉತ್ತರ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಪ್ರೀತಿಯಿಂದ ನೋಡಿದ್ದೇ ಹೊಡೆಸಿತು ಅಂದರೆ ಯಾವ ನ್ಯಾಯಾಲಯ ಒಪ್ಪುತ್ತದೆ?

ಇನ್ನೊಂದು ವಿಷಯ ಕೇಳು, ತಲೆ ಪೂರಾ ಕೆಡುತ್ತದೆ. ಮೊನ್ನೆ ಔಷಧಿ ಅಂಗಡಿಯ ಅಜ್ಜನಿಗೆ ಪೂರ್ತಿ ಪ್ರಜ್ಞೆ ಬಂತು. ನೋಡಲು ಹೋದೆ. ಅವರು 'ನನ್ನನ್ನ ಯಾರು ಹೊಡೀತಾರಪ್ಪ? ಶಟರ್ ಎತ್ತೋ ಕೊಕ್ಕೆ ಕಂಬಿ ಜಾರಿ ತಲೆ ಮೇಲೆ ಬಿತ್ತು' ಅಂದರು. ಫೋನು? ಔಷಧಿ ಇಡುವ ಫ್ರಿಜ್ಜಿನೊಳಗೆ, ಇನ್ಸುಲಿನ್ ಡಬ್ಬಿಗಳ ಮಧ್ಯೆ ತಣ್ಣಗೆ ಕೂತಿತ್ತಂತೆ. ಔಷಧಿ ಎತ್ತಿಡುವಾಗ ಅವರೇ ಇಟ್ಟು ಮರೆತದ್ದು. ಕಳ್ಳನೂ ಇಲ್ಲ, ಕಳವೂ ಇಲ್ಲ. ಇಲ್ಲದ ಕಳ್ಳನಿಗೆ ನಾನು ಕಾಲು ಕೊಟ್ಟೆ, ಕಂಪ್ಯೂಟರ್ ಮುಖ ಕೊಟ್ಟಿತು, ಬೀದಿ ಕೈ ಕೊಟ್ಟಿತು. ಪೆಟ್ಟು ಒಂದು ಮಾತ್ರ ನಿಜವಾದ ಮನುಷ್ಯನಿಗೆ ಬಿತ್ತು. ಆ ಫೋಟೋ ಇನ್ನೂ ಎಲ್ಲೆಲ್ಲೋ ಓಡಾಡುತ್ತಿದೆಯಂತೆ. ಬೇರೆ ಊರಿನ ಬೀದಿಯ ಹೆಸರು ಹಾಕಿಕೊಂಡು ಅಲ್ಲಿ ಕದಿಯುತ್ತಿದ್ದಾನಂತೆ. ನಾನು ಸತ್ತರೂ ಅವನು ಸಾಯುವುದಿಲ್ಲವೇನೋ.

ಟಾರ್ಚ್ ನಿನ್ನೆ ಹಿಂದಿನ ಬಾಗಿಲಿನಿಂದ ಬಂದಿದ್ದ. ಫೋನಿನ ದೀಪ ಆರಿತ್ತು. 'ಎಲ್ಲ ಅಳಿಸಿ ಹಾಕಿದೀನಿ ಮಾವ. ನಿಮ್ಮ ದನಿ ಎಲ್ಲೂ ಇಲ್ಲ. ನೀವು ಬಾಯಿ ಬಿಡದಿದ್ರೆ ಇಬ್ರೂ ಬಚಾವ್' ಅಂದ. ಬಾಯಿ ಬಿಡದೆ ಇರು ಅಂತ ನನಗೆ ಹೇಳಿದ ಮೊದಲನೆಯ ಮನುಷ್ಯ ಅವನಲ್ಲ. ಆದರೆ ಈ ಸಲ ಯೋಚನೆಗೆ ಬಿದ್ದೆ. ಸುಮ್ಮನಿದ್ದರೆ ನೀನು ನನ್ನ ಕೈ ಹಿಡಿದು ಹಾಗೇ ಮಾತಾಡುತ್ತಿರುತ್ತೀಯ. ಹೇಳಿದರೆ ನನಗೆ ಉಳಿದಿರುವ ಒಂದೇ ಹುಡುಗಿ ಹೋಗುತ್ತಾಳೆ. ರಾತ್ರಿಯೆಲ್ಲ ತಕ್ಕಡಿ ಹಿಡಿದು ಕೂತೆ. ಆ ಕೋಳಿ ಕೆದಕಿದ ಅಕ್ಷರ ಎದುರಿಗೇ ಇತ್ತು. ಕೊನೆಗೆ ಶಟರ್ ಇಳಿಸಿ ಕಾಗದ ತೆಗೆದೆ.

ನಿನಗೆ ಬೈಯಬೇಕು ಅನ್ನಿಸಿದರೆ ಬೈ. ಚೆನ್ನಾಗಿ ಬೈ. ನಿಮ್ಮಮ್ಮನಿಂದ ಕಲಿತದ್ದನ್ನೆಲ್ಲ ಉಪಯೋಗಿಸು. ಮಾತೇ ಆಡುವುದಿಲ್ಲ ಅಂತ ಮಾತ್ರ ಮಾಡಬೇಡ ಅಂತ ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳಿಬಿಟ್ಟೆ ನೋಡು, ಬಾಯಿಯ ಚಾಳಿ.

ಇಂತಿ ನಿನ್ನ,
ಮಾವ
(ಕತ್ತರಿ ಚಕ್ರವರ್ತಿ ಅಂತ ಬರೆದು ಹೊಡೆದು ಹಾಕಿದ್ದೇನೆ, ಕೆಳಗೆ ಕಾಣುತ್ತಿದ್ದರೆ ಕ್ಷಮಿಸು)

ಮರೆತ ಮಾತು: ಮರೆತದ್ದಲ್ಲ. ಬಿಟ್ಟದ್ದು.

ಕಾಗದ ಮಡಚಿ ಅಂಟು ಹಚ್ಚುವ ಮೊದಲು, ನಾಳೆ ಎಲ್ಲಿಗೆ ಹೋಗಬೇಕಾದರೂ ಓರಣವಾಗಿರಲಿ ಅಂತ ನನ್ನ ಕುರ್ಚಿಯಲ್ಲೇ ಕೂತು ಕೂದಲು ಸರಿಮಾಡಿಕೊಂಡೆ. ಗಿರಾಕಿಗೆ ಕೊನೆಯಲ್ಲಿ ಹಿಂದೆ ಹಿಡಿದು ತೋರಿಸುತ್ತೇನಲ್ಲ, ಆ ಸಣ್ಣ ಕನ್ನಡಿ, ಅದನ್ನು ಮೊದಲ ಸಲ ನನ್ನ ತಲೆಯ ಹಿಂದೆ ಹಿಡಿದೆ. ನೆತ್ತಿಯಲ್ಲಿ ರೊಟ್ಟಿಯಗಲ ಬೋಳು. ಕಿವಿಗಳು ಹೊರಗೆ. ಕುತ್ತಿಗೆಯ ಅಂಚು ಸೊಟ್ಟ. ನನ್ನ ಕೂದಲನ್ನು ನಾನೇ ಕೈಯಂದಾಜಿನಲ್ಲಿ ಕತ್ತರಿಸಿಕೊಳ್ಳುವುದಲ್ಲವೇ. ಠಾಣೆಯಲ್ಲಿ ಗೊತ್ತಿಲ್ಲ ಅಂದದ್ದು ಸುಳ್ಳಲ್ಲ ಪಿಟೀಲು, ಆಗ ನಿಜವಾಗಿಯೂ ಗುರುತು ಸಿಗಲಿಲ್ಲ. ಆದರೆ ಅಲ್ಲಿ ನಿಂತದ್ದು ನೆನಪಿಲ್ಲ ಅಂದರೆ ಅದು ಸುಳ್ಳು.

ಗಲಾಟೆ ಕೇಳಿ ನಾನು ಓಡಿ ಹೋದದ್ದು ಎರಡನೆಯ ಸಲ. ಮೊದಲನೆಯ ಸಲ ಗಲಾಟೆ ಇರಲಿಲ್ಲ. ಟಾರ್ಚ್ ನನ್ನನ್ನು ಅಂಗಡಿಯಿಂದ ಎಳೆದುಕೊಂಡು ಹೋದ. ಕೈಯಲ್ಲಿ ನೊರೆಯ ಬ್ರಶ್ ಇತ್ತು. ಎಲ್ಲರೂ ದಾರಿ ಬಿಟ್ಟರು. ಯಾರೂ ಇನ್ನೂ ಕೈ ಮಾಡಿರಲಿಲ್ಲ, ನನಗಾಗಿ ಕಾಯುತ್ತಿದ್ದರು. 'ಮಾವ, ನೋಡಿ ಹೇಳಿ, ಇವನೇನಾ?' ಅಂತ ಕೇಳಿದರು. ನಾನು ಕಟ್ಟಿದ ಕಳ್ಳ ನನ್ನೆದುರು ನಿಜವಾಗಿ ನಿಂತಿದ್ದ. ಅದೇ ಕಾಲು, ಅದೇ ಚೀಲ. ಎದೆ ಹಿಗ್ಗಿತು ಅಂತ ಬರೆದರೆ ನೀನು ನಂಬುತ್ತೀಯಾ? ಹಿಗ್ಗಿತು. ನಾನು ಸುಳ್ಳುಗಾರನಲ್ಲ ಅಂತ ಆಯಿತಲ್ಲ ಅಂತ. 'ಹೂಂ, ಇವನೇ' ಅಂದೆ. ಹೆಲ್ಮೆಟ್ಟಿನ ಒಳಗಿಂದ 'ಮಾವಾ' ಅಂತ ಕೂಗು ಬಂತು. ಕೇಳಿಸಿತು. ಆದರೆ ಈ ಬೀದಿಯಲ್ಲಿ ನನ್ನನ್ನು ಮಾವ ಅನ್ನದವರು ಯಾರಿದ್ದಾರೆ? ಕಳ್ಳನೂ ಕಲಿತುಕೊಂಡಿದ್ದಾನೆ ಅಂದುಕೊಂಡು ಒಳಗೆ ಹೋದೆ. ಅರ್ಧ ಬೋಳಿಸಿದ ಗಿರಾಕಿ ಕಾಯುತ್ತಿದ್ದ. ಇನ್ನೊಂದು ಕೆನ್ನೆ ಮುಗಿಸುವಷ್ಟರಲ್ಲಿ ಹೊರಗಿನಿಂದ ಯಾರೋ 'ಅಯ್ಯೋ, ಇವರು ಲಿಫ್ಟ್ ಮೇಷ್ಟ್ರು ಕಣ್ರೋ' ಅಂದರು.

ಅವರು ನನ್ನನ್ನು ನೋಡಿದ್ದರು, ಪಿಟೀಲು. 'ಯಾಕೆ ಅಂತ ಮಾವನನ್ನು ಕೇಳು' ಅಂದದ್ದು ಮಾವನಿಗೆ ಬೀದಿಯೆಲ್ಲ ಗೊತ್ತು ಅಂತಲ್ಲ. ನಿನಗೆ ಇನ್ನೂ ಹೇಳಿಲ್ಲ, ನಾನೇ ಹೇಳಲಿ ಅಂತ ಬಿಟ್ಟಿದ್ದಾರೆ.

ಬೆಳಿಗ್ಗೆ ಠಾಣೆಗೆ ಹೋಗುತ್ತೇನೆ. ಉಳಿದುಹೋದ ಆ ತಲೆಯ ಹೆಸರು ಪೇದೆಯಮ್ಮನಿಗೆ ಹೇಳಬೇಕು. ಟಾರ್ಚಿನದೂ ಹೇಳುತ್ತೇನೆ. ನಿನ್ನ ಮನೆಯ ಬೀಗದ ಕೈ ಟೈಲರಮ್ಮನ ಹತ್ತಿರ ಕೊಟ್ಟಿದ್ದೇನೆ, ಗಿಡಗಳನ್ನು ಅವಳೇ ನೋಡಿಕೊಳ್ಳುತ್ತಾಳೆ, ನನಗಿಂತ ಕಡಿಮೆ ನೀರು ಹಾಕಿ.

ಈ ಕಾಗದದ ಜೊತೆ ವ್ಯಾನಿನವನು ಒಂದು ಪೊಟ್ಟಣ ತರುತ್ತಾನೆ. ಬೂಟು. ಕಿತ್ತಿದ್ದ ಅಟ್ಟೆಯನ್ನು ಗಟ್ಟಿ ದಾರ ಹಾಕಿ ಹೊಲಿಸಿದ್ದೇನೆ. ಅವರು ಎದ್ದು ನಿಲ್ಲುವ ದಿನ ಬೇಕಾಗುತ್ತದೆ. ಎಡಗಾಲಿನದು.